ಕಪ್ಪು ಎರಡರಲ್ಲಿ ರೈನ್ ನದಿ

ಮೊದಲು ಸ್ಪೀಕರಿನ ಗುಂಯ್ ಶಬ್ದದ ಕಥೆ ಹೇಳಿಬಿಡುತ್ತೇನೆ. ಇಲ್ಲಾಂದ್ರೆ ಮುಂದಿನದು ಹಳಿ ಮೇಲೆ ಕೂರೋದಿಲ್ಲ.

ನನ್ನ ಹಳೇ ಆಂಪ್ಲಿಫೈಯರಿಗೆ ಒಂದು ಚಾಳಿ ಇತ್ತು. ಸ್ವಿಚ್ ಒತ್ತಿದರೆ ಸಾಕು, ಹಾಡು ಇರಲಿ ಬಿಡಲಿ, ತನ್ನ ಪಾಡಿಗೆ ಗುಂಯ್ ಅನ್ನುತ್ತಿತ್ತು. ಕರೆಂಟಿನ ಶಬ್ದ ಅದು. ನಾನು 31 ವರ್ಷ ಮುನಿರಾಬಾದಿನಲ್ಲಿ ತುಂಗಭದ್ರಾ ಡ್ಯಾಮಿನ ಕೆಳಗಿನ ಪವರ್ ಹೌಸಿನಲ್ಲಿ ಆಪರೇಟರ್ ಆಗಿದ್ದವನು. ಅದು ಯಾಕೆ ಬರುತ್ತದೆ ಅಂತ ಗೊತ್ತು, ಸರಿ ಮಾಡೋದೂ ಗೊತ್ತು. ಮಾಡಿರಲಿಲ್ಲ, ಅಷ್ಟೇ. ಬಡಿಗನ ಮನೆ ಬಾಗಿಲೇ ಕಿರ್ ಅನ್ನೋದು ಅಲ್ವಾ, ಹಾಗೆ.

ಕಳೆದ ಏಪ್ರಿಲಿನ ಒಂದು ರಾತ್ರಿ ಊಟ ಮುಗಿಸಿ ಮೊದಲ ಸಿಡಿ ಹಾಕಿದೆ. ವಾಗ್ನರನ ‘ರಿಂಗ್’. ಜರ್ಮನ್ ಒಪೆರಾ, ನಾಲ್ಕು ರಾತ್ರಿಯ ಆಟ. ಮೊದಲನೆಯದು ‘ರೈನ್‌ಗೋಲ್ಡ್’, ಅಂದರೆ ರೈನ್ ನದಿಯ ಬಂಗಾರ. ಪರದೆ ಏಳುವ ಮೊದಲು ನದಿಯ ತಳ ಕೇಳಿಸುತ್ತದೆ. ಡಬಲ್ ಬಾಸ್‌ಗಳು ಕೆಳಗಿನ ಒಂದು ಸ್ವರ ಹಿಡಿದು ಕೂತುಬಿಡುತ್ತವೆ. ಬಸೂನ್‌ಗಳು ಅದಕ್ಕೆ ಪಂಚಮ ಸೇರಿಸುತ್ತವೆ. ಆಮೇಲೆ 8 ಹಾರ್ನ್‌ಗಳು ಒಂದರ ಬೆನ್ನಿಗೆ ಒಂದು ಏಳುತ್ತವೆ. 136 ಬಾರ್ (ನಮ್ಮ ತಾಳದ ಸುತ್ತು ಇದ್ದ ಹಾಗೆ) ಉದ್ದಕ್ಕೂ, ನಾಲ್ಕು ನಿಮಿಷದ ಮೇಲೆ, ಷಡ್ಜ ಕದಲುವುದಿಲ್ಲ. ಅವರು ಆ ಸ್ವರಕ್ಕೆ ಇ ಫ್ಲ್ಯಾಟ್ ಅನ್ನುತ್ತಾರೆ. ನಮ್ಮ ಪೇಟಿಯವರ, ಅಂದರೆ ಹಾರ್ಮೋನಿಯಂನವರ, ಲೆಕ್ಕದಲ್ಲಿ ಎರಡನೇ ಕಪ್ಪು ಮನೆ, ಕಪ್ಪು ಎರಡು.

ಕಪ್ಪು ಎರಡು ನಮ್ಮಪ್ಪನ ಶ್ರುತಿ. ಅಪ್ಪ ಪೇಟಿ ಮಾಸ್ತರ. ಸ-ಪ ಹಿಡಿದು ತಿದಿ ಒತ್ತುತ್ತಾ ಕೂತರೆ ಮನೆ ತುಂಬಾ ಅದೇ. ಹಾಗಾಗಿ ನನಗೆ ಆ ನಾಲ್ಕು ನಿಮಿಷ ಪರದೇಶದ್ದು ಅನ್ನಿಸಲೇ ಇಲ್ಲ. ಯಾರೋ ಆಟಕ್ಕೆ ಮುಂಚೆ ಶ್ರುತಿ ಕೂರಿಸುತ್ತಿದ್ದಾರೆ ಅಷ್ಟೇ ಅನ್ನಿಸಿತು.

ಆಗ ಗಮನಕ್ಕೆ ಬಂತು. ಸ-ಪ ಮೇಲೆ ಯಾರೋ ಗಾಂಧಾರ ಹಿಡಿದಿದ್ದಾರೆ! ಸಿಡಿಯಲ್ಲಿ ಅಲ್ಲ, ನನ್ನ ಸ್ಪೀಕರಿನಲ್ಲಿ. ನಮ್ಮ ಕರೆಂಟು 50 ಹರ್ಟ್ಜ್. ಅದರ ಗುಂಯ್ ಪಾಶ್ಚಾತ್ಯ ಜಿ ಸ್ವರದ ಹತ್ತಿರ ಬೀಳುತ್ತದೆ. ಕಪ್ಪು ಎರಡನ್ನು ಷಡ್ಜ ಅಂದುಕೊಂಡರೆ ಜಿ ಶುದ್ಧ ಗಾಂಧಾರ. ಪೂರ್ತಿ ಶ್ರುತಿಯಲ್ಲಿ ಇರಲಿಲ್ಲ, ಸ್ವಲ್ಪ ಏರು. ಕರಾರುವಾಕ್ಕಾಗಿ ಕೂರಬೇಕಾದರೆ 49 ಇರಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ದಕ್ಷಿಣದ ಗ್ರಿಡ್ ಲೋಡ್ ತಡೆಯಲಾರದೆ 49ಕ್ಕೆ, ಕೆಲವು ಸಲ ಅದಕ್ಕೂ ಕೆಳಗೆ ಜಾರುತ್ತಿತ್ತು. ಮೀಟರ್ ನೋಡಿ ಬೆವರುತ್ತಿದ್ದೆವು. 2013ರ ಡಿಸೆಂಬರ್ 31ಕ್ಕೆ ರಾಯಚೂರು-ಸೊಲ್ಲಾಪುರ ಲೈನಿನ ಮೂಲಕ ನಮ್ಮ ಗ್ರಿಡ್ಡನ್ನು ಉಳಿದ ದೇಶಕ್ಕೆ ಜೋಡಿಸಿದರು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಎಲ್ಲಾ ಟ್ರಾನ್ಸ್‌ಫಾರ್ಮರುಗಳದ್ದೂ ಒಂದೇ ಶ್ರುತಿ. ಗ್ರಿಡ್ಡಿಗೆ ಒಳ್ಳೇದಾಯಿತು. ವಾಗ್ನರನಿಗೆ ಹಳೇ ಕಾಲವೇ ಚೆನ್ನಾಗಿತ್ತು.

ಇನ್ನು ಈ ಸಿಡಿ ಡಬ್ಬಿ ನನ್ನ ಕೈಗೆ ಬಂದದ್ದು. ಸಣಾಪುರದಲ್ಲಿ ನನ್ನ ತಮ್ಮನದ್ದೊಂದು ಹೋಂಸ್ಟೇ ಇದೆ. ನಾಲ್ಕು ಕೋಣೆ, ಮುಂದೆ ಭತ್ತದ ಗದ್ದೆ, ಹಿಂದೆ ಬಂಡೆಗಲ್ಲು. ಹಂಪಿಗೆ ಬರುವ ವಿದೇಶಿಯರು ಹೊಳೆ ಈಚೆ ಬಂದು ಉಳಿಯುತ್ತಾರೆ. ಚಪ್ಪಲಿ, ಚಾರ್ಜರ್, ಅರ್ಧ ಓದಿದ ಕಾದಂಬರಿ ಬಿಟ್ಟು ಹೋಗುತ್ತಾರೆ. ಒಬ್ಬ ವಯಸ್ಸಾದ ಜರ್ಮನ್ 14 ಸಿಡಿಯ ಡಬ್ಬಿ ಬಿಟ್ಟು ಹೋದ. ಬಂಡೆ ಮೇಲೆ ಕೂತು ಇಯರ್‌ಫೋನ್ ಹಾಕಿ ಕೇಳುತ್ತಿದ್ದನಂತೆ. ತಮ್ಮ ಮೇಲ್ ಮಾಡಿದ. ‘ಕೇಳುವವರು ಇದ್ದರೆ ಇಟ್ಟುಕೊಳ್ಳಿ’ ಅಂತ ಉತ್ತರ ಬಂತು. ತಮ್ಮ ನನಗೆ ಫೋನ್ ಮಾಡಿದ. “ಅಣ್ಣಾ, ಹದಿನಾಕು ಸಿಡಿ ಅದಾವ. ಒಂದ ಹಾಡಂತ.”

ಒಂದೇ ಹಾಡು ಅಂದರೂ ತಪ್ಪಲ್ಲ. ವಾಗ್ನರ್ 1848ರಲ್ಲಿ ಕೈ ಹಾಕಿ 1874ರಲ್ಲಿ ಮುಗಿಸಿದ್ದು. 26 ವರ್ಷ. ಅದನ್ನು ಆಡಿಸೋಕೆ ಅಂತಲೇ ಬೈರಾಯ್ಟ್ ಅನ್ನೋ ಸಣ್ಣ ಊರಲ್ಲಿ ಥಿಯೇಟರ್ ಕಟ್ಟಿಸಿ, 1876ರ ಆಗಸ್ಟಿನಲ್ಲಿ ಮೊದಲ ಸಲ ನಾಲ್ಕೂ ಆಟ ಆಡಿಸಿದ. ನನ್ನ ಹತ್ತಿರ ಇರುವುದು ಅದೇ ಥಿಯೇಟರಿನಲ್ಲಿ, ಜನರ ಮುಂದೆ, 1966 ಮತ್ತು 1967ರಲ್ಲಿ ಫಿಲಿಪ್ಸ್‌ನವರು ಹಿಡಿದ ಲೈವ್ ರೆಕಾರ್ಡಿಂಗ್. ನಡೆಸಿದವನು ಕಾರ್ಲ್ ಬೋಮ್. ಆಗ ಅವನಿಗೆ 70 ದಾಟಿತ್ತು.

ಎರಡು ವರ್ಷದ್ದು ಯಾಕೆ ಅಂತ ಕೇಳಬೇಕಲ್ವಾ? ನಾನೂ ಕೇಳಿಕೊಂಡೆ. ನಾಲ್ಕು ಆಟಗಳನ್ನು ಎರಡು ವರ್ಷದ ಉತ್ಸವಗಳಿಂದ ಆರಿಸಿ ಒಂದು ಡಬ್ಬಿಗೆ ಹಾಕಿದ್ದಾರೆ. ಹಾಗಾಗಿ ಲೈವ್ ಅಂದರೂ ಒಂದೇ ವಾರದ ಆಟ ಅಲ್ಲ. ಇನ್ನೊಂದು ಸಂಗತಿ. ಆ ರಂಗಪ್ರಯೋಗದ ನಿರ್ದೇಶಕ ವಾಗ್ನರನ ಮೊಮ್ಮಗ ವೀಲಾಂಡ್. ಅವನು 1966ರ ಅಕ್ಟೋಬರಿನಲ್ಲಿ ತೀರಿಕೊಂಡ. ಅಂದರೆ ಡಬ್ಬಿಯ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ನಡುವೆ ಒಂದು ಸಾವು ಇದೆ. ಕಿವಿಗೆ ಕೇಳಿಸುತ್ತದೆಯೇ ಅಂದರೆ, ಇಲ್ಲ.

ಅಳೆಯೋಕೆ ನನ್ನ ಹತ್ತಿರ ಇದ್ದ ಗಜಕಡ್ಡಿ ಅಪ್ಪನದ್ದು. ಸುಗ್ಗಿ ಮುಗಿದ ಮೇಲೆ ಅಪ್ಪ ಕುಷ್ಟಗಿ, ಗಂಗಾವತಿ ಕಡೆಯ ಹಳ್ಳಿಗಳಿಗೆ ದೊಡ್ಡಾಟ ಕಲಿಸೋಕೆ ಹೋಗುತ್ತಿದ್ದ. ಎರಡು ಮೂರು ತಿಂಗಳ ತಾಲೀಮು. ಆಮೇಲೆ ಒಂದು ರಾತ್ರಿ ಅಟ್ಟ ಕಟ್ಟಿ, ರಾತ್ರಿ 10ಕ್ಕೆ ಶುರು, ಬೆಳಗಿನ ಜಾವ ಮಂಗಳ. ಹೊಲ ಊಳುವವರು, ಕುರಿ ಕಾಯುವವರು ಭುಜಕೀರ್ತಿ ಕಟ್ಟಿಕೊಂಡು ಎಂಟು ತಾಸು ಕೂಗಬೇಕು, ಕುಣಿಯಬೇಕು. ಮೈಕ್ ಇರಲಿ, ಬಿಡಲಿ. ಅಪ್ಪ ಅನ್ನುತ್ತಿದ್ದ, “ಹತ್ತು ಗಂಟೇಕ ಎಲ್ಲಾರೂ ಭೀಮನ. ಕೋಳಿ ಕೂಗೂ ಹೊತ್ತಿಗೆ ಯಾರು ಭೀಮ ಉಳದಾರ ನೋಡು.”

ಲೈವ್ ರೆಕಾರ್ಡಿಂಗಿಗೂ ಅದೇ ಪರೀಕ್ಷೆ ಅಂತ ನಾನು ಮೊದಲೇ ಗಟ್ಟಿ ಮಾಡಿಕೊಂಡೆ. ಶುರುವಿನಲ್ಲಿ ಯಾರು ಚಂದ ಹಾಡುತ್ತಾರೆ ಅನ್ನೋದು ಬೇಡ. ಕೊನೇ ತಾಸಿನಲ್ಲಿ ಗಂಟಲು ಎಲ್ಲಿದೆ, ನೋಡೋಣ.

ಹೋಲಿಸೋಕೆ ಇನ್ನೊಂದು ಬೇಕಲ್ಲ. ಜಾರ್ಜ್ ಶೋಲ್ಟಿ ವಿಯೆನ್ನಾದಲ್ಲಿ 1958ರಿಂದ 1965ರ ನಡುವೆ ಸ್ಟುಡಿಯೊ ರೆಕಾರ್ಡಿಂಗ್ ಮಾಡಿದ್ದಾನೆ. ಅದನ್ನು ಫೋನಿನಲ್ಲಿ ಕೇಳಿದೆ. ಅನುಕೂಲ ಏನಂದರೆ ಮುಖ್ಯ ಗಂಟಲುಗಳು ಎರಡರಲ್ಲೂ ಅವೇ. ಸೀಗ್‌ಫ್ರೀಡ್ ಆಗಿ ವೋಲ್ಫ್‌ಗಾಂಗ್ ವಿಂಡ್‌ಗಾಸನ್, ಬ್ರೂನ್‌ಹಿಲ್ಡ ಆಗಿ ಬಿರ್ಗಿಟ್ ನಿಲ್ಸನ್, ಸೀಗ್‌ಮುಂಡ್ ಆಗಿ ಜೇಮ್ಸ್ ಕಿಂಗ್, ಕುಳ್ಳ ಆಲ್ಬೆರಿಕ್ ಆಗಿ ಗುಸ್ತಾವ್ ನೈಡ್‌ಲಿಂಗರ್. ಅದೇ ಮಂದಿ ಒಮ್ಮೆ ಸ್ಟುಡಿಯೊದಲ್ಲಿ, ಒಮ್ಮೆ ಅಟ್ಟದ ಮೇಲೆ. ಇದಕ್ಕಿಂತ ಒಳ್ಳೇ ತಕ್ಕಡಿ ಸಿಗೋದಿಲ್ಲ.

ಮೊದಲ ರಾತ್ರಿ ಬೇಗ ಹೇಳಿ ಮುಗಿಸುತ್ತೇನೆ. ಬೋಮ್ ಓಡುತ್ತಾನೆ. ಮಧ್ಯಂತರ ಇಲ್ಲದ ಎರಡೂ ಕಾಲು ತಾಸಿನ ಆಟ, ಎಲ್ಲೂ ಕೂತು ಉಸಿರು ಬಿಡೋದಿಲ್ಲ. ಬಂಗಾರ ಕದ್ದ ಆಲ್ಬೆರಿಕ್ ಪ್ರೀತಿಯನ್ನು ಶಪಿಸಿ ಉಂಗುರ ಮಾಡುತ್ತಾನೆ, ದೇವತೆಗಳ ಯಜಮಾನ ವೋಟಾನ್ ಅದನ್ನು ಕಿತ್ತುಕೊಳ್ಳುತ್ತಾನೆ, ಮನೆ ಕಟ್ಟಿಸಿಕೊಂಡ ಕೂಲಿ ಕೊಡೋಕೆ ಅದನ್ನೇ ಬಳಸುತ್ತಾನೆ. ಪಾತಾಳದಲ್ಲಿ ಕುಳ್ಳರು ಗಣಿ ತೋಡುವ ಜಾಗದಲ್ಲಿ 18 ಅಡಿಗಲ್ಲುಗಳನ್ನು ತಾಳಕ್ಕೆ ಬಡಿಯಬೇಕು ಅಂತ ವಾಗ್ನರ್ ಬರೆದಿದ್ದಾನೆ. ಶೋಲ್ಟಿಯ ಸ್ಟುಡಿಯೊದಲ್ಲಿ ನಿಜವಾಗಲೂ 18 ತಂದು ಬಡಿಸಿದರು. ಅದನ್ನು ಕೇಳಿದರೆ ಗಿಣಿಗೇರಾ ಕಡೆಯ ಕಾರ್ಖಾನೆ ಪಕ್ಕ ರಾತ್ರಿ ನಿಂತ ಹಾಗಾಗುತ್ತದೆ. ಬೋಮ್‌ನದು ಅದರ ಮುಂದೆ ಪೇಲವ. ಈ ಒಂದು ಜಾಗದಲ್ಲಿ ಸ್ಟುಡಿಯೊಗೇ ನನ್ನ ಓಟು.

ಕೊನೆಗೆ ದೇವತೆಗಳು ಕಾಮನಬಿಲ್ಲಿನ ಮೇಲೆ ನಡೆದು ಹೊಸ ಮನೆ ಸೇರುತ್ತಾರೆ. ಭಾರಿ ಮೆರವಣಿಗೆ. ಆದರೆ ಅದು ಡಿ ಫ್ಲ್ಯಾಟ್‌ನಲ್ಲಿದೆ. ಕಪ್ಪು ಒಂದು. ಷಡ್ಜ ಕೆಳಗಿಳಿದರೆ ನನ್ನ ಸ್ಪೀಕರಿನ ಗಾಂಧಾರ ಏನಾಗುತ್ತದೆ ಹೇಳಿ? ತೀವ್ರ ಮಧ್ಯಮ. ಶುರುವಿನಲ್ಲಿ ಜೇನಿನಂತೆ ಇದ್ದದ್ದು ಈಗ ಹಲ್ಲಿಗೆ ಮರಳು ಸಿಕ್ಕಿದ ಹಾಗೆ. ಬೆಳಿಗ್ಗೆ ಎದ್ದವನೇ ಬೇರೆ ಅರ್ತ್ ವೈರ್ ಎಳೆದು, ಸೆಟ್‌ಟಾಪ್ ಬಾಕ್ಸಿನ ಕೇಬಲ್ ಬಿಡಿಸಿ, ಗುಂಯ್ ನಿಲ್ಲಿಸಿದೆ. ಹೆಂಡತಿ ಬಂದು ನೋಡಿ, “ಆರು ವರ್ಷದಿಂದ ಹೇಳಾಕತ್ತಿದ್ದೆ” ಅಂದಳು.

ಎರಡನೇ ರಾತ್ರಿ ‘ವಾಲ್ಕ್ಯೂರ’. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಮೊದಲ ಅಂಕದಲ್ಲಿ ಇರೋದು ಮೂರೇ ಜನ. ಮಳೆಗಾಳಿಯಲ್ಲಿ ಓಡಿ ಬಂದ ಸೀಗ್‌ಮುಂಡ್, ಮನೆಯ ಹೆಂಗಸು ಸೀಗ್‌ಲಿಂಡ, ಅವಳ ಗಂಡ ಹುಂಡಿಂಗ್. ಮನೆ ನಡುವೆ ಮರ, ಮರದಲ್ಲಿ ನೆಟ್ಟ ಕತ್ತಿ. ಯಾರಿಗೂ ಕೀಳೋಕೆ ಆಗಿಲ್ಲ. ಇವನು ಕೀಳುತ್ತಾನೆ. ಆ ಕ್ಷಣಕ್ಕೆ ಸೀಗ್‌ಲಿಂಡ ಆಡಿದ ಲಿಯೊನಿ ರಿಸಾನೆಕ್ ಒಂದು ಕೂಗು ಹಾಕುತ್ತಾಳೆ. ಅದು ಸ್ವರ ಅಲ್ಲ. ಹಾಡು ಅಲ್ಲ. ಕೂಗು. ಇಡೀ ಆರ್ಕೆಸ್ಟ್ರಾ ಮೇಲೆ ಹಾದು ಹೋಗುತ್ತದೆ. ಅಡುಗೆಮನೆಯಿಂದ ನನ್ನ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು. “ಯಾರಿಗೇನಾತ್ರೀ?”

ಏನೂ ಆಗಿಲ್ಲ, ಕತ್ತಿ ಕಿತ್ತ ಅಂದೆ. ಅವಳು ಹೋಗಲಿಲ್ಲ. ಬಾಗಿಲಿಗೆ ಒರಗಿ ಅಂಕ ಮುಗಿಯುವವರೆಗೆ ನಿಂತು ಕೇಳಿದಳು. ಇದು ನಾನು ಕೊಡುವ ಮಾರ್ಕ್ಸಿಗಿಂತ ದೊಡ್ಡದು ಅಂತ ನನ್ನ ಲೆಕ್ಕ. ಈ ಕೂಗಿನ ಬಗ್ಗೆ ಒಪೆರಾ ಕೇಳುವವರಲ್ಲಿ ಎರಡು ಪಂಗಡ ಇದೆ. ಅತಿಯಾಯಿತು ಅನ್ನುವವರು ಒಂದು ಕಡೆ, ಇದಕ್ಕಾಗಿಯೇ ಡಬ್ಬಿ ಕೊಳ್ಳುವವರು ಇನ್ನೊಂದು ಕಡೆ. ದೊಡ್ಡಾಟದಲ್ಲಿ ರಕ್ಕಸ ಮೊದಲ ಸಲ ಅಟ್ಟ ಏರುವಾಗ ಹಾಕುವ ಆರ್ಭಟ ಕೇಳಿ ಬೆಳೆದವನು ನಾನು. ಮಕ್ಕಳು ಅಮ್ಮಂದಿರ ಸೆರಗು ಹಿಡಿಯಬೇಕು. ನನ್ನ ಪಂಗಡ ಯಾವುದು ಅಂತ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಸ್ಟುಡಿಯೊದಲ್ಲಿ ಕಾಗದ ಹಿಡಿದು ಮೈಕಿನ ಮುಂದೆ ನಿಂತವರಿಗೆ ಇಂಥದ್ದು ಬರೋದಿಲ್ಲ. ಬಂದರೂ ‘ಇನ್ನೊಂದು ಟೇಕ್ ತಗೊಳ್ಳೋಣ’ ಅಂತಾರೆ.

ಎರಡನೇ ಅಂಕದಲ್ಲಿ ವೋಟಾನ್ ಮಗಳು ಬ್ರೂನ್‌ಹಿಲ್ಡಳ ಮುಂದೆ ಕೂತು ತನ್ನ ತಪ್ಪೆಲ್ಲಾ ಹೇಳಿಕೊಳ್ಳುತ್ತಾನೆ. ಉದ್ದ. ಆಟ ಗೊತ್ತಿಲ್ಲದವರು ಇಲ್ಲೇ ಮಲಗೋದು. ಥಿಯೊ ಆಡಮ್‌ನ ಗಂಟಲು ಒಣಗಿದ ಕಟ್ಟಿಗೆಯಂಥದ್ದು. ತುಪ್ಪ ಇಲ್ಲ. ಆದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ. ಸಿಡಿ ಜೊತೆಗಿದ್ದ ಪುಸ್ತಕದಲ್ಲಿ ಜರ್ಮನ್ ಸಾಲಿನ ಮೇಲೆ ಬೆರಳಿಟ್ಟು, ಪಕ್ಕದ ಇಂಗ್ಲಿಷ್ ಓದುತ್ತಾ ಕೂತ ನನಗೆ ಇದು ಉಪಕಾರ. ಶೋಲ್ಟಿಯಲ್ಲಿ ಈ ಪಾತ್ರ ಹಾನ್ಸ್ ಹೋಟರ್‌ದು. ದೊಡ್ಡ ಹೆಸರು. ಆದರೆ ಆ ಹೊತ್ತಿಗೆ ದನಿ ತೂಗಾಡುತ್ತಿತ್ತು. ಹೋಟರ್ ಬೇಕಾದರೆ 1955ರ ಬೈರಾಯ್ಟ್ ಲೈವ್ ಕೇಳಬೇಕು, ಯೋಸೆಫ್ ಕೈಲ್‌ಬರ್ಟ್ ನಡೆಸಿದ್ದು. ಸ್ಟೀರಿಯೊದಲ್ಲಿ ಹಿಡಿದು 50 ವರ್ಷ ಕಪಾಟಿನಲ್ಲಿ ಇಟ್ಟಿದ್ದರು, 2006ರಲ್ಲಿ ಹೊರಬಂತು. ಆ ವೋಟಾನ್ ಮುಂದೆ ಆಡಮ್ ನಮ್ಮ ತಾಲ್ಲೂಕು ಕಚೇರಿ ಗುಮಾಸ್ತ. ಒಪ್ಪುತ್ತೇನೆ.

ಬೋಮ್ ಮೇಲೆ ನನ್ನ ದೊಡ್ಡ ತಕರಾರು ಇರೋದೂ ಇಲ್ಲೇ. ಮಗಳನ್ನು ಬೆಂಕಿ ನಡುವೆ ಮಲಗಿಸಿ ವೋಟಾನ್ ಬೀಳ್ಕೊಡುವ ಜಾಗ. ಕಣ್ಣಿಗೆ ಮುತ್ತಿಟ್ಟು ದೈವತ್ವ ಹಿಂದೆ ತಗೊಳ್ಳುತ್ತಾನೆ. ಇಷ್ಟು ದೊಡ್ಡ ಅಗಲಿಕೆಯಲ್ಲಿ ಬೋಮ್‌ಗೆ ಏನು ಅವಸರ? ಬಸ್ ಹೊರಟಿದೆಯೇ? ಮಗಳನ್ನು ಗಂಡನ ಮನೆಗೆ ಕಳಿಸಿದವರು ಯಾರೂ ಇಷ್ಟು ಜೋರಾಗಿ ನಡೆಸುವುದಿಲ್ಲ.

ಶಬ್ದದ ಬಗ್ಗೆ ಎರಡು ಮಾತು. ಬೈರಾಯ್ಟ್ ಥಿಯೇಟರಿನಲ್ಲಿ ವಾದ್ಯದವರು ಕಾಣುವುದಿಲ್ಲ. ಅಟ್ಟದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗುಂಡಿ, ಮೇಲೆ ಮುಚ್ಚಳ. ತುತ್ತೂರಿಯವರು ಎಲ್ಲರಿಗಿಂತ ಆಳದಲ್ಲಿ. ಶಬ್ದ ಮೊದಲು ಅಟ್ಟದ ಕಡೆ ಹೋಗಿ, ಹಾಡುವವರ ದನಿ ಜೊತೆ ಕಲೆತು, ಆಮೇಲೆ ಜನರ ಕಡೆ ಬರುತ್ತದೆ. ಯಾರಿಗೂ ಕಾಣದ ಕಾರಣ ಸೆಕೆಯಲ್ಲಿ ಕೋಟು ಬಿಚ್ಚಿಟ್ಟು ಅಂಗಿಯಲ್ಲೇ ನುಡಿಸುತ್ತಾರಂತೆ. ನಮ್ಮ ಹಿಮ್ಮೇಳದವರು ಅಟ್ಟದ ಮೇಲೇ ಎಲ್ಲರಿಗೂ ಕಾಣುವ ಹಾಗೆ ನಿಲ್ಲುತ್ತಾರೆ, ಮುಖವೀಣೆಯವನ ಕೆನ್ನೆ ಉಬ್ಬುವುದನ್ನು ನೋಡೋಕೇ ಅರ್ಧ ಜನ ಬರುತ್ತಾರೆ. ಇಲ್ಲಿ ಉಲ್ಟಾ. ಇದರಿಂದ ರೆಕಾರ್ಡಿಂಗಿನಲ್ಲಿ ಏನಾಗಿದೆ ಅಂದರೆ, ದನಿಗಳು ಮುಂದೆ ಇವೆ, ಹಿತ್ತಾಳೆ ವಾದ್ಯಗಳಿಗೆ ಕಂಬಳಿ ಹೊದಿಸಿದ ಹಾಗಿದೆ, ಪಿಟೀಲು ಸ್ವಲ್ಪ ತೆಳು. ಶೋಲ್ಟಿ ಕೇಳಿ ಬಂದವರಿಗೆ ಮೊದಲ ಹತ್ತು ನಿಮಿಷ ಸಪ್ಪೆ ಅನ್ನಿಸಬಹುದು. ಆದರೆ ಹಾಡುವವನು ಎಡದಿಂದ ಬಲಕ್ಕೆ ನಡೆದರೆ ದನಿಯೂ ನಡೆಯುತ್ತದೆ, ಹಲಗೆ ಮೇಲೆ ಹೆಜ್ಜೆ ಸಪ್ಪಳ ಕೇಳುತ್ತದೆ. ವೀಲಾಂಡ್ ಅಟ್ಟದ ಮೇಲೆ ಸಾಮಾನು ಇಡುತ್ತಿರಲಿಲ್ಲ, ಬರೀ ಬೆಳಕಿನ ಆಟ. ಅದು ಸುಮ್ನೆ ಶೋಕಿಗಲ್ಲ. ಹಿಟ್ಲರ್ ಬಂದು ಕೂರುತ್ತಿದ್ದ ಥಿಯೇಟರ್ ಅದು. ವಾಗ್ನರ್ ತಾನೇ ಯೆಹೂದಿಗಳ ಮೇಲೆ ವಿಷ ಕಾರಿ ಬರೆದವನು. ಯುದ್ಧ ಮುಗಿದ ಮೇಲೆ ಮೊಮ್ಮಗ ಹಳೇ ಸಾಮಾನೆಲ್ಲಾ ಹೊರಗೆ ಹಾಕಿದ. ಸಂಗೀತವನ್ನು ಹೊರಗೆ ಹಾಕೋಕೆ ಆಗಲಿಲ್ಲ. ನನಗೂ ಆಗುವುದಿಲ್ಲ. ಆದರೆ ಆ ಮನುಷ್ಯ ಮನೆಗೆ ಬಂದಿದ್ದರೆ ಚಹಾ ಕೊಡುತ್ತಿದ್ದೆನೋ ಇಲ್ಲವೋ.

ಮೂರನೇ ರಾತ್ರಿ ‘ಸೀಗ್‌ಫ್ರೀಡ್’ಗೆ ನಮ್ಮ ಓಣಿಯ ಕಮ್ಮಾರ ಕಾಕಾನನ್ನು ಕರೆದೆ. ವಯಸ್ಸು 70ರ ಮೇಲೆ. ಕುಲುಮೆ ನಿಂತು ಹತ್ತು ವರ್ಷ ಆಯಿತು, ಕೈ ಮಾತ್ರ ಇನ್ನೂ ಇಕ್ಕಳದ ಹಾಗೇ ಇದೆ. ಮೊದಲ ಅಂಕ ಪೂರ್ತಿ ಕುಲುಮೆಯಲ್ಲೇ ನಡೆಯುತ್ತದೆ ಕಾಕಾ, ಬಾ ಅಂದೆ. ಬಂದ. ಅವಲಕ್ಕಿ ತಿಂದು ಕೂತ.

ಕಥೆ ಹೇಳಿದೆ. ಸೀಗ್‌ಫ್ರೀಡನ ಅಪ್ಪ ಸೀಗ್‌ಮುಂಡನ ಕತ್ತಿ ಎರಡು ತುಂಡಾಗಿದೆ. ಸಾಕಿದ ಕುಳ್ಳ ಮೀಮ ಎಷ್ಟು ಬೆಸೆದರೂ ಹುಡುಗ ಒಂದೇ ಏಟಿಗೆ ಮುರಿಯುತ್ತಾನೆ. ಕೊನೆಗೆ ತಾನೇ ಕೂತು, ತುಂಡುಗಳನ್ನು ಅರದಿಂದ ಉಜ್ಜಿ ಪುಡಿ ಮಾಡಿ, ಮೂಸೆಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ನೀರಿಗೆ ಅದ್ದಿ, ಮತ್ತೆ ಕಾಸಿ ಬಡಿಯುತ್ತಾನೆ. ತಿದಿ ಒತ್ತುತ್ತಾ ಹಾಡುತ್ತಾನೆ, ಬಡಿಯುತ್ತಾ ಹಾಡುತ್ತಾನೆ.

ಕಾಕಾ ಕೈ ಎತ್ತಿದ. “ತಡಿಯೋ ತಮ್ಮಾ. ಹೊಯ್ದದ್ದು ಅಂದ್ರ ಅದು ಎರಕ. ಎರಕ ಬಡದ್ರ ಸೀಳತೈತಿ. ಇವಗ ಕಲಿಸಿದವ ಯಾರು?”

ಕುಳ್ಳ ಕಲಿಸಿದ, ಅದೂ ಅರ್ಧ ಅಂದೆ. ಆಮೇಲೆ ನನಗೇ ನೆನಪಾಯಿತು. ನಮ್ಮ ಉಕ್ಕು ಅನ್ನೋ ಪದದಿಂದಲೇ ಇಂಗ್ಲಿಷಿನ ವೂಟ್ಜ್ ಬಂತು ಅನ್ನುತ್ತಾರಲ್ಲ, ಆ ಹಳೇ ಉಕ್ಕು ಹೀಗೇ. ಮಣ್ಣಿನ ಮೂಸೆಯಲ್ಲಿ ಬಾಯಿ ಮುಚ್ಚಿ ಕರಗಿಸಿ, ಆರಿದ ಗಟ್ಟಿಯನ್ನು ಹದವಾಗಿ ಕಾಸಿ ಬಡಿದು ಕತ್ತಿ ಮಾಡುತ್ತಿದ್ದರು, ನಮ್ಮ ದಕ್ಷಿಣದಲ್ಲೇ. ಕಾಕಾಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಒಪ್ಪಿದನೋ, ನನ್ನ ಮೇಲೆ ಕನಿಕರವೋ ಗೊತ್ತಾಗಲಿಲ್ಲ.

ಸುತ್ತಿಗೆ ಹಾಡು ಬಂತು. ಸ್ಟುಡಿಯೊದಲ್ಲಾದರೆ ಹಾಡುವವನು ಹಾಡಿದರೆ ಸಾಕು, ಸುತ್ತಿಗೆ ಬಡಿಯೋಕೆ ಬೇರೆ ವಾದ್ಯಗಾರ ಇರುತ್ತಾನೆ. ಅಟ್ಟದ ಮೇಲೆ ಹಾಡುವವನೇ ಬಡಿಯಬೇಕು. ಕೆಳಗಿನ ಗುಂಡಿಯಲ್ಲಿರುವವರ ಲಯ ಹಿಡಿಯಬೇಕು, ಮೇಲಿನ ಸ್ವರ ಎಟುಕಿಸಬೇಕು, ಕೈ ಬೆರಳೂ ಉಳಿಯಬೇಕು. ವಿಂಡ್‌ಗಾಸನ್‌ನ ಏಟು ನನ್ನ ಕಿವಿಗೆ ಒಂದೆರಡು ಕಡೆ ಜಾರಿದ ಹಾಗೆ ಕೇಳಿತು. ನಾನು ಕಾಕಾನ ಮುಖ ನೋಡಿದೆ. ಅವನ ತಕರಾರು ಬೇರೆಯೇ ಇತ್ತು.

“ಇಂವ ಬಡ್ಯಾಕತ್ತಿದ್ದು ತಣ್ಣನ್ನ ಕಬ್ಬಿಣ. ಕಾದದ್ದು ಹಿಂಗ ಟಣ್ ಅನ್ನಂಗಿಲ್ಲ. ದಬ್ ಅಂತೈತಿ.”

150 ವರ್ಷದಿಂದ ಜರ್ಮನಿಯಲ್ಲಿ ಯಾರಾದರೂ ಇದನ್ನು ಹೇಳಿದ್ದಾರೋ ಇಲ್ಲವೋ, ಮುನಿರಾಬಾದಿನಲ್ಲಿ ಹೇಳಿಯಾಯಿತು. ಅದಾದ ಮೇಲೆ ನನಗೂ ಬರೀ ಟಣ್ ಟಣ್ ಕೇಳಿಸುತ್ತದೆ.

ಮೀಮ ಆಡಿದ ಎರ್ವಿನ್ ವೋಲ್‌ಫಾರ್ಟ್‌ನನ್ನು ಹೇಳದೆ ಮುಂದೆ ಹೋದರೆ ಪಾಪ ಬರುತ್ತದೆ. ಈ ಪಾತ್ರಕ್ಕೆ ಬಹಳ ಜನ ಕೀರಲು ದನಿ ತೆಗೆದು ಕೆಡಿಸುತ್ತಾರೆ, ನಮ್ಮಲ್ಲಿ ಹಾಸ್ಯದವನು ಚಪ್ಪಾಳೆಗೆ ಬಿದ್ದು ಕೆಡುವ ಹಾಗೆ. ಇವನು ಪೂರ್ತಿ ಹಾಡುತ್ತಾನೆ, ಹಾಡುತ್ತಲೇ ಕಪಟ ತೋರಿಸುತ್ತಾನೆ. 1968ರಲ್ಲಿ, 36ನೇ ವಯಸ್ಸಿಗೇ ಹೋಗಿಬಿಟ್ಟ.

ಇನ್ನು ಕೋಳಿ ಕೂಗುವ ಹೊತ್ತು. ಮೂರನೇ ಅಂಕದ ಕೊನೆ. ಸೀಗ್‌ಫ್ರೀಡ್ ಮೂರು ಅಂಕ ಉದ್ದಕ್ಕೂ ಹಾಡಿದ್ದಾನೆ, ಕುಲುಮೆ ನಡೆಸಿದ್ದಾನೆ, ಘಟಸರ್ಪ ಕೊಂದಿದ್ದಾನೆ, ಬೆಂಕಿ ದಾಟಿದ್ದಾನೆ. ಅಲ್ಲಿ ಬ್ರೂನ್‌ಹಿಲ್ಡ ಮಲಗಿದ್ದಾಳೆ. ಆ ರಾತ್ರಿ ಅವಳು ಇಲ್ಲಿಯವರೆಗೆ ಒಂದು ಸ್ವರವನ್ನೂ ಹಾಡಿಲ್ಲ. ಎದ್ದವಳೇ ಸೂರ್ಯನಿಗೆ ನಮಸ್ಕಾರ ಹೇಳುತ್ತಾಳೆ. ನಿಲ್ಸನ್ ಗಂಟಲು! ಸ್ವೀಡನ್ನಿನ ರೈತರ ಮನೆ ಹೆಣ್ಣುಮಗಳು, ಹೊಲದ ಆಚೆ ಬದುವಿನಿಂದ ಕರೆದರೆ ಈಚೆ ಬದುವಿಗೆ ಕೇಳಬೇಕು ಅನ್ನುವಂಥ ದನಿ. ಅವಳ ಎದುರು ನಾಲ್ಕು ತಾಸು ದಣಿದ 52 ವರ್ಷದ ವಿಂಡ್‌ಗಾಸನ್. ವಾಗ್ನರ್ ಬೇಕಂತಲೇ ಮಾಡಿದ ಅನ್ಯಾಯ ಇದು.

ಶೋಲ್ಟಿಯಲ್ಲಿ ಇದೇ ಜಾಗ, ಇದೇ ಇಬ್ಬರು. ವಿಂಡ್‌ಗಾಸನ್ ತಾಜಾ ಇದ್ದಾನೆ, ಹೊಳೆಯುತ್ತಾನೆ. ಬೋಮ್‌ನಲ್ಲಿ ದನಿಯ ಅಂಚು ಸವೆದಿದೆ. ಮೇಲಿನ ಸ್ವರಗಳನ್ನು ಮುಟ್ಟಿ ಬಿಡುತ್ತಾನೆ, ಹಿಡಿದು ನಿಲ್ಲಿಸುವುದಿಲ್ಲ. ಎಲ್ಲಿ ಉಳಿಸಬೇಕು, ಎಲ್ಲಿ ಖರ್ಚು ಮಾಡಬೇಕು ಅಂತ ಲೆಕ್ಕ ಹಾಕುತ್ತಿದ್ದಾನೆ, ಆ ಲೆಕ್ಕ ಕೇಳಿಸುತ್ತದೆ. ಮತ್ತೆ ಕೊನೇ ಎರಡು ನಿಮಿಷಕ್ಕೆ ಎಲ್ಲಿಂದಲೋ ತೆಗೆದು ಸುರಿಯುತ್ತಾನೆ. ಅಪ್ಪ ಇದ್ದಿದ್ದರೆ ಇಲ್ಲಿ ಪೇಟಿ ಬಿಟ್ಟು ತೊಡೆ ತಟ್ಟುತ್ತಿದ್ದ. ಸ್ಟುಡಿಯೊದ ಸೀಗ್‌ಫ್ರೀಡ್ ಚಂದ ಹಾಡುತ್ತಾನೆ. ಇವನು ಬೆಂಕಿ ದಾಟಿ ಬಂದಿದ್ದಾನೆ. ಡಬ್ಬಿ ನಾನು ಇಟ್ಟುಕೊಳ್ಳೋದು ಇವನಿಗಾಗಿ.

ಕಾಕಾ ಆಗಲೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ನಿಲ್ಸನ್‌ಳ ಕೊನೇ ತಾರಸ್ವರಕ್ಕೆ ಕಣ್ಣು ಬಿಟ್ಟು, “ಮಂಗಳ ಆತೇನು?” ಅಂದ.

ನಾಲ್ಕನೇ ರಾತ್ರಿ ‘ಗೋಟರ್‌ಡೆಮರುಂಗ್’, ದೇವತೆಗಳ ಮುಸ್ಸಂಜೆ. ಮೂರು ರಾತ್ರಿ ಇಲ್ಲದ ಮೇಳ ಇಲ್ಲಿ ಬರುತ್ತದೆ. ಎರಡನೇ ಅಂಕದಲ್ಲಿ ಆಲ್ಬೆರಿಕ್‌ನ ಮಗ ಹಾಗೆನ್ ಕೊಂಬು ಊದಿ ಆಳುಗಳನ್ನು ಕರೆಯುತ್ತಾನೆ. ಯೋಸೆಫ್ ಗ್ರೈಂಡಲ್‌ನ ‘ಹೊಯ್ಹೊ’ ಕೇಳಿದರೆ ದನ ಬೆದರಬೇಕು. ಸುಂದರ ಅಲ್ಲ, ಒರಟು, ಆದರೆ ಊರು ಸೇರಿಸೋಕೆ ಅದೇ ಬೇಕು. ವಿಲ್‌ಹೆಲ್ಮ್ ಪಿಟ್ಸ್ ತಯಾರು ಮಾಡಿದ ಬೈರಾಯ್ಟ್ ಮೇಳ ಎಡದಿಂದ, ಬಲದಿಂದ, ಹಿಂದಿನಿಂದ ಓಡೋಡಿ ಬರುತ್ತದೆ. ಇಲ್ಲಿ ಬೋಮ್‌ನ ಓಟ ಸರಿಯಾಗಿ ಕೂರುತ್ತದೆ. ಸೀಗ್‌ಫ್ರೀಡ್ ಸತ್ತ ಮೇಲಿನ ಮೆರವಣಿಗೆಯೂ ಅಷ್ಟೇ. ಅಳು ಇಲ್ಲ, ಸಿಟ್ಟು ಇದೆ.

ನಿಲ್ಸನ್ ಕಟ್ಟಿಗೆ ಒಟ್ಟಿಸಿ, ಕುದುರೆ ಏರಿ ಚಿತೆಗೆ ಹಾರುತ್ತಾಳೆ. ನಾಲ್ಕು ರಾತ್ರಿಯ ಕೊನೆಗೆ 15 ನಿಮಿಷದ ಮೇಲೆ ಒಬ್ಬಳೇ. ಒಂದು ಕಡೆಯೂ ದನಿ ಬಿರುಕು ಬಿಡುವುದಿಲ್ಲ. ಇವಳಿಗೆ ಅಪ್ಪನ ಪರೀಕ್ಷೆ ಅನ್ವಯಿಸೋದಿಲ್ಲ, ಕೋಳಿಯೇ ಸುಸ್ತಾಗಬೇಕು. ರೈನ್ ಉಕ್ಕಿ ಬರುತ್ತದೆ. ಉಂಗುರ ನದಿಗೆ ವಾಪಸ್. ಹಾಗೆನ್ ಕೂಗಿಕೊಂಡು ಮುಳುಗುತ್ತಾನೆ. ಅಲ್ಲಿಂದ ಮುಂದೆ ಬರೀ ವಾದ್ಯ. ಮಂಗಳ ಹಾಡೋಕೆ ಅಟ್ಟದ ಮೇಲೆ ಯಾರೂ ಉಳಿದಿಲ್ಲ.

ನದಿ ಉಕ್ಕುವ ಜಾಗ ಬಂದಾಗ ನನಗೆ 2024ರ ಆಗಸ್ಟ್ ನೆನಪಾಗದೆ ಇರೋದಿಲ್ಲ. ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿ ಹೋದದ್ದು. ನಾನು ಆಗ ರಿಟೈರ್ ಆಗಿದ್ದೆ. ಆದರೂ ಮಲಗಿದವನಿಗೆ ನೀರಿನ ಸದ್ದು ಬದಲಾಗಿದೆ ಅಂತ ಅನ್ನಿಸಿ ಎದ್ದು ಕೂತಿದ್ದೆ. ಮುಂದೊಂದು ದಿನ ಪಾಟ್ರಿಸ್ ಶೆರೋ ಅನ್ನುವವನು 1976ರಲ್ಲಿ, ರಿಂಗಿನ ನೂರನೇ ವರ್ಷಕ್ಕೆ, ಅದೇ ಬೈರಾಯ್ಟ್‌ನಲ್ಲಿ ರೈನ್ ನದಿಗೆ ವಿದ್ಯುತ್ ಡ್ಯಾಮ್ ಕಟ್ಟಿಸಿ ಆಡಿಸಿದ ವಿಡಿಯೊ ನೋಡಿದೆ. ಜನ ಮೊದಲ ವರ್ಷ ಬೊಬ್ಬೆ ಹೊಡೆದರಂತೆ. ನಾನು ಮಾತ್ರ ಖುಷಿಯಲ್ಲಿ ಗೇಟ್ ಎಣಿಸುತ್ತಾ ಕೂತಿದ್ದೆ.

ಕೊನೇ ಸ್ವರವೂ ಕಪ್ಪು ಒಂದು. ಅದು ಕರಗಿ ಹೋದ ಮೇಲೆ ಕೋಣೆ ನಿಶ್ಶಬ್ದ. ಗುಂಯ್ ಇಲ್ಲ. ಅರ್ತ್ ವೈರ್ ಚೆನ್ನಾಗಿ ಕೂತಿತ್ತು.

ಎರಡು ದಿನ ಬಿಟ್ಟು ಮೊದಲ ಸಿಡಿ ಮತ್ತೆ ಹಾಕಿದೆ, ಬರೀ ಆ 136 ಬಾರ್ ಕೇಳೋಕೆ. ಬಾಸ್ ಬಂತು. ಪಂಚಮ ಬಂತು. ಹಾರ್ನ್‌ಗಳು ಎದ್ದವು. ಚೊಕ್ಕಟವಾಗಿತ್ತು. ಏನೋ ಕಡಿಮೆ. ನಿಲ್ಲಿಸಿದೆ. ಸ್ಕ್ರೂಡ್ರೈವರ್ ತಂದು ಆಂಪ್ಲಿಫೈಯರ್ ಹಿಂದಿನ ಅರ್ತ್ ವೈರ್ ಬಿಚ್ಚಿ, ಸೆಟ್‌ಟಾಪ್ ಬಾಕ್ಸಿನ ಕೇಬಲ್ ಮತ್ತೆ ಸಿಕ್ಕಿಸಿದೆ. ಗುಂಯ್ ಅಂತು. ಮೊದಲಿನಿಂದ ಹಾಕಿದೆ.

ಒಳಗಿನಿಂದ ದನಿ ಬಂತು. “ಮತ್ತ ಗುಂಯ್ ಅನ್ನಾಕತ್ತೈತಲ್ರೀ?”

“ಇರ್ಲಿ ಬಿಡ,” ಅಂದೆ. “ಗಾಂಧಾರ ಅದು.”